ಬಿಳಿ ಮಾವಿನಕಾಯಿ ಗುರುತಿನ ಪ್ಲೇಟು

ಬುಧವಾರ ಹನ್ನೊಂದರ ಹೊತ್ತಿಗೆ ನಬೀ ಸಾಬರು ಬಿಚ್ಚಿಟ್ಟ ಮಿಕ್ಸಿಯ ಸ್ಕ್ರೂಗಳನ್ನೆಲ್ಲ ಒಂದು ಟೀ ಲೋಟಕ್ಕೆ ಸುರಿದು, ಮೇಲೊಂದು ರಟ್ಟು ಮುಚ್ಚಿ, ಅಂಗಡಿಯ ಷಟರ್ ಎಳೆದರು. ಮಿಕ್ಸಿ ತಂದುಕೊಟ್ಟ ಹೆಂಗಸು ಸಂಜೆಗೇ ಬೇಕೆಂದು ಹೇಳಿ ಹೋಗಿದ್ದಳು. ಬುಧವಾರ ಮಧ್ಯಾಹ್ನ ಈ ಅಂಗಡಿ ತೆರೆದಿರುವುದಿಲ್ಲವೆಂದು ಶಿರಾದ ಆ ಬೀದಿಯವರಿಗೆಲ್ಲ ಗೊತ್ತು. ಅವಳು ಬೇರೆ ಬೀದಿಯವಳು. ಬಸ್ ನಿಲ್ದಾಣಕ್ಕೆ ನಡೆಯುತ್ತ ಸಾಬರು ಅಂಗಿಯ ಒಳಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡರು.

ಬುಧವಾರ ಎಂದರೆ ಮಧುಗಿರಿ, ಮಧುಗಿರಿ ಎಂದರೆ ಅಲ್ಲಿನ ಬಸ್ ನಿಲ್ದಾಣದ ಹಿಂದಿರುವ ಭೀಮರಾಜುವಿನ ಗುಜರಿ ಅಂಗಡಿ. ಹಿಂದಿನ ದಿನ ಸಂಜೆ ಅವನೇ ಫೋನು ಮಾಡಿದ್ದ. ‘ನೀವು ಯೋಳ್ತಿದ್ರಲ್ಲ ಸಾಬ್ರೆ, ಶಹನಾಯಿ ಪ್ಲೇಟು, ಬಂದೈತೆ. ಮಾವಿನಕಾಯೂ ಐತೆ.’

ನಬೀ ಸಾಬರಿಗೆ ಈಗ ಎಪ್ಪತ್ತೊಂದು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಈ ಕೈಗಳು ಒಂದು ಕಾಲದಲ್ಲಿ ನೂರ್ ಸೌಂಡ್ ಸರ್ವಿಸ್ ಎಂಬ ಮೈಕ್ ಸೆಟ್ಟನ್ನು ನಡೆಸುತ್ತಿದ್ದವು. ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ಪ್ಲೇಯರು, ಮೂರು ಮರದ ಪೆಟ್ಟಿಗೆಗಳ ತುಂಬ ಗ್ರಾಮಫೋನ್ ಪ್ಲೇಟುಗಳು. ರೆಕಾರ್ಡು ಎನ್ನುವುದು ಪೇಟೆಯವರ ಮಾತು. ಈ ಕಡೆ ಅದು ಪ್ಲೇಟೇ. ಬಸ್ಸಿನ ಟಾಪಿನ ಮೇಲೆ, ಎತ್ತಿನಗಾಡಿಯಲ್ಲಿ ಅದನ್ನೆಲ್ಲ ಹೇರಿಕೊಂಡು ಅವರು ಇತ್ತ ಚನ್ನರಾಯನದುರ್ಗದವರೆಗೆ, ಅತ್ತ ಪಾವಗಡ ದಾಟಿ ತೆಲುಗು ಮಾತಾಡುವ ಊರುಗಳವರೆಗೆ ಹೋಗಿದ್ದುಂಟು. ಮದುವೆ, ನಾಮಕರಣ, ಉರುಸು, ಶಾಲೆಯ ವಾರ್ಷಿಕೋತ್ಸವ, ಯಾವುದಕ್ಕೂ ಇಲ್ಲವೆಂದವರಲ್ಲ.

ಆಗ ಮೈಕ್ ಸೆಟ್ಟಿನವರಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರಿಗೂ ತನ್ನದೇ ಆದ ಒಂದು ಮೊದಲ ಪ್ಲೇಟು. ಹುಣಸೆಮರದ ತುದಿಗೆ ಹಾರ್ನು ಕಟ್ಟಿ ಇಳಿದ ಕೂಡಲೇ ಹಾಕುವುದು ಅದನ್ನೇ. ಅದು ಕೇಳಿಸಿದರೆ ಸುತ್ತಲ ನಾಲ್ಕು ಊರಿಗೆ ಯಾರ ಸೆಟ್ಟು ಬಂತೆಂದು ತಿಳಿಯುತ್ತಿತ್ತು. ಒಬ್ಬರ ಮೊದಲ ಪ್ಲೇಟನ್ನು ಇನ್ನೊಬ್ಬರು ಮೊದಲಿಗೆ ಹಾಕುತ್ತಿರಲಿಲ್ಲ, ಹಾಕಿದರೆ ಜಗಳ. ನಬೀ ಸಾಬರದು ಶಹನಾಯಿ. ಹಾಡಿಲ್ಲ, ಮಾತಿಲ್ಲ, ಬರೀ ವಾದ್ಯ. ಹಿಂದೂಗಳ ಚಪ್ಪರಕ್ಕೂ ಆಗುತ್ತಿತ್ತು, ನಿಕಾಹಿಗೂ ಆಗುತ್ತಿತ್ತು. ಚನ್ನರಾಯನದುರ್ಗದ ಒಂದು ಮದುವೆಯಲ್ಲಿ ಗಂಡಿನ ಸೋದರಮಾವ ಕುಣಿಯಲು ಹೋಗಿ ಪ್ಲೇಯರು ಇಟ್ಟಿದ್ದ ಮೇಜಿನ ಮೇಲೆ ಬಿದ್ದು, ಮುಳ್ಳು ಪ್ಲೇಟಿನ ಮೇಲೆ ಅಡ್ಡಡ್ಡ ಎಳೆದು ಹೋಯಿತು. ಅಂದಿನಿಂದ ಆ ಶಹನಾಯಿ ಒಂದು ಜಾಗಕ್ಕೆ ಬಂದಾಗ ಸಿಕ್ಕಿಕೊಂಡು ಅದೇ ಒಂದು ಎಳೆಯನ್ನು ಮತ್ತೆ ಮತ್ತೆ ನುಡಿಯುತ್ತಿತ್ತು. ಸಾಬರು ಬೆರಳ ತುದಿಯಿಂದ ತಳ್ಳಿದರೆ ಮುಂದೆ ಹೋಗುತ್ತಿತ್ತು. ಹೊಲದಲ್ಲಿದ್ದವರು ಆ ಸಿಕ್ಕು ಕೇಳಿದ ಮೇಲೇ ‘ಶಿರಾ ಸಾಬ್ರೇ ಕಣ್ಲಾ’ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರಂತೆ. ಅವರಿಗೆ ಶಹನಾಯಿ ಸಾಬ್ರು ಎಂಬ ಹೆಸರೂ ಬಿತ್ತು.

ಒಂದೇ ಮದುವೆಗೆ ಎರಡು ಸೆಟ್ಟು ಬಂದಾಗ ಪ್ಲೇಟುಗಳು ಕಲೆತುಹೋಗುತ್ತಿದ್ದವು. ಅದಕ್ಕೇ ಗುರುತು. ನಬೀ ಸಾಬರ ಹೆಂಡತಿ ಶಾಹಜಾದಿಗೆ ಮೆಹಂದಿ ಹಾಕುವುದರಲ್ಲಿ ಒಳ್ಳೆ ಕೈ. ಬೆಂಕಿಕಡ್ಡಿಯನ್ನು ಬಿಳಿ ಎನಾಮಲ್ ಬಣ್ಣದಲ್ಲಿ ಅದ್ದಿ, ಪ್ಲೇಟಿನ ನಡುವಿನ ಕಾಗದದ ಮೇಲೆ ಉಗುರಿನಷ್ಟು ದೊಡ್ಡ ಮಾವಿನಕಾಯಿ ಬರೆದು, ಹೊಟ್ಟೆಯೊಳಗೊಂದು ಚುಕ್ಕೆ ಇಡುತ್ತಿದ್ದರು. ವರ್ಷಕ್ಕೊಮ್ಮೆ, ಮದುವೆಗಳಿಲ್ಲದ ಆಷಾಢದಲ್ಲಿ, ಮಾಸಿದ ಮಾವಿನಕಾಯಿಗಳ ಮೇಲೆ ಇನ್ನೊಂದು ಸಲ ಕಡ್ಡಿ ಆಡಿಸುತ್ತಿದ್ದರು.

ಕ್ಯಾಸೆಟ್ಟು ಬಂದಾಗ ಸಾಬರು ಎಲ್ಲ ಪ್ಲೇಟುಗಳನ್ನೂ ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದರು. ಶಹನಾಯಿಯೂ ಅದರಲ್ಲೇ ಹೋಯಿತು. ಆಗ ಅವರಿಗೆ ಏನೂ ಅನ್ನಿಸಲಿಲ್ಲ. ಶಹನಾಯಿ ಕ್ಯಾಸೆಟ್ಟಿನಲ್ಲೂ ಸಿಗುತ್ತಿತ್ತು. ಆಮೇಲೆ ಕ್ಯಾಸೆಟ್ಟೂ ಹೋಯಿತು, ಸೆಟ್ಟೂ ಹೋಯಿತು. ಪ್ಲೇಯರು ಮಾತ್ರ ಯಾರಿಗೂ ಬೇಡವಾಗಿ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತು.

ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊರಟಗೆರೆ ಕಡೆಯ ಒಂದು ಊರಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಗೆಂದು ಹೋದಾಗ ಗಂಗಹನುಮಯ್ಯ ಎಂಬ ರೈತನ ಕಡಲೆಕಾಯಿ ಹೊಲದಲ್ಲಿ ದಾರಕ್ಕೆ ಕಟ್ಟಿದ ಎರಡು ಕಪ್ಪು ಪ್ಲೇಟುಗಳು ಗಾಳಿಗೆ ತಿರುಗುತ್ತಿದ್ದವು. ನವಿಲು ಬೆದರಿಸಲು ಕಟ್ಟಿದ್ದು. ಒಂದರ ಮೇಲೆ ಬಿಳಿ ಮಾವಿನಕಾಯಿ ಇತ್ತು. ಸಾಬರು ಕೇಳಿದ್ದೇ ತಡ, ಗಂಗಹನುಮಯ್ಯ ಎರಡನ್ನೂ ಬಿಚ್ಚಿಕೊಟ್ಟು, ‘ನಮ್ಮ ಲಗ್ನಕ್ಕೆ ಬಂದಿದ್ದು ನಿಮ್ಮ ಸೆಟ್ಟೇ ಕಣಪ್ಪ, ತಗಂಡೋಗು’ ಎಂದು ಒಂದು ಸೇರು ಹಸಿ ಕಡಲೆಕಾಯಿಯನ್ನೂ ಕಟ್ಟಿದ. ಅಲ್ಲಿಂದ ಶುರುವಾಯಿತು. ಮುಂದೆ ಎಲ್ಲಿ ಹೋದರೂ ಸಾಬರು ಅಟ್ಟ ನೋಡುವರು, ಕೊಟ್ಟಿಗೆ ನೋಡುವರು. ಕೆಲವರು ಪ್ಲೇಟನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಹೂವಿನ ಬುಟ್ಟಿಯಂತೆ ಬಗ್ಗಿಸಿದ್ದರು, ಕೆಲವರು ಗುಡಾಣಕ್ಕೆ ಮುಚ್ಚಿದ್ದರು. ಹತ್ತು ರೂಪಾಯಿ ಕೊಟ್ಟರೆ ಅದೇ ಜಾಸ್ತಿ ಎನ್ನುವ ಕಾಲ.

ಆ ಕಾಲ ಬೇಗ ಮುಗಿಯಿತು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಊರೂರು ಸುತ್ತತೊಡಗಿದರು. ಹಳೆ ಪ್ಲೇಟು ಕೇಳುವುದು ಅಲ್ಲಿ ಮತ್ತೆ ಶೋಕಿಯಾಗಿತ್ತು. ಹೊಸ ಪ್ಲೇಯರುಗಳು ಬಂದಿದ್ದವು, ಹೋಟೆಲಿನ ಗೋಡೆಗೂ ಬೇಕಾಗಿದ್ದವು. ಎರಡನೇ ಸಲ ಅದೇ ಊರಿಗೆ ಹೋದಾಗ ಗಂಗಹನುಮಯ್ಯನ ಹೆಂಡತಿ ಓಬಳಮ್ಮ ಬಾಗಿಲಲ್ಲೇ ನಿಲ್ಲಿಸಿ, ‘ಅಟ್ಟದಾಗೆ ಇದ್ದುದ್ಕೆ ಬೆಂಗ್ಳೂರೋರು ಐನೂರು ಕೊಟ್ಟೋದ್ರು ಕಣಪ್ಪ. ನಿಂಗೆ ಆವತ್ತು ಪುಕ್ಸಟ್ಟೆ ಕೊಟ್ಟುದ್ಕೆ ಇವತ್ಗೂ ಈವಯ್ಯನ್ನ ಬೈತಾ ಇವ್ನಿ’ ಎಂದು ನಕ್ಕಳು. ನಕ್ಕದ್ದೇನೋ ನಿಜ, ಒಳಗೆ ಕರೆಯಲಿಲ್ಲ.

ಮನೆಮನೆ ಸುತ್ತುವುದು ಹೀಗೆ ನಿಂತು, ಎಲ್ಲವೂ ಭೀಮರಾಜುವಿನ ಅಂಗಡಿಯ ಮೂಲಕವೇ ಬರತೊಡಗಿತು. ಅಲ್ಲಿ ಸಾಬರು ಒಂದು ತಪ್ಪು ಮಾಡಿದರು. ರಾಶಿಯೆಲ್ಲ ಕೆದಕುವುದು ಕಷ್ಟವೆಂದು, ಬಿಳಿ ಮಾವಿನಕಾಯಿ ಇರುವುದನ್ನು ತಮಗಾಗಿ ತೆಗೆದಿಡು ಎಂದು ಹೇಳಿದರು. ಅದುವರೆಗೆ ಕಾಗದದ ಮೇಲೆ ಬಣ್ಣ ಬಳಿದ ಪ್ಲೇಟೆಂದರೆ ಬೆಂಗಳೂರಿನವರು ಮೂಗು ಮುರಿಯುತ್ತಿದ್ದರು. ಅದು ಅಗ್ಗದ ಮಾಲು. ಅಂದಿನಿಂದ ಮಾವಿನಕಾಯಿಗೇ ಬೆಲೆ ಹತ್ತಿತು. ಇನ್ನೂರು ಇದ್ದದ್ದು ಆರುನೂರಾಯಿತು, ಹೋದ ತಿಂಗಳು ಸಾವಿರದ ಇನ್ನೂರಕ್ಕೆ ಬಂತು. ಅದನ್ನು ಕೊಳ್ಳುವವರು ಇಡೀ ಜಿಲ್ಲೆಯಲ್ಲಿ ಒಬ್ಬರೇ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಸಾಬರು ಕೊಂಡರು. ಪ್ರತಿ ಸಲವೂ ರಾಶಿಯಲ್ಲಿ ಅವರು ಹುಡುಕುತ್ತಿದ್ದುದು ಒಂದನ್ನೇ.

ಮಧುಗಿರಿಯಲ್ಲಿ ಸಣ್ಣಗೆ ಜಡಿ ಹಿಡಿದಿತ್ತು. ಬೆಟ್ಟದ ಬಂಡೆ ಅರ್ಧಕ್ಕೆ ಮೋಡದೊಳಗೆ ಹೋಗಿತ್ತು.

‘ಬರ್ರಿ ಸಾಬ್ರೆ,’ ಎಂದ ಭೀಮರಾಜು, ತಕ್ಕಡಿಯ ಪಕ್ಕದ ಸ್ಟೂಲು ತಳ್ಳುತ್ತ. ‘ಮಾವನ ಮನೇಗೂ ಯಾರೂ ಇಷ್ಟ್ ನಿಯತ್ತಾಗಿ ಬರಾಕಿಲ್ಲ.’

ಅವನು ಒಳಗಿನಿಂದ ಪಾಲಿಥೀನ್ ಸುತ್ತಿದ ಪ್ಲೇಟೊಂದನ್ನು ತಂದು ಅವರ ತೊಡೆಯ ಮೇಲಿಟ್ಟ. ಕೆಂಪು ಕಾಗದ, ಅದರ ಮೇಲೆ ಮಾಸಿದ ಚಿನ್ನದ ಬಣ್ಣದ ಅಕ್ಷರ. ಅದೇ ಶಹನಾಯಿ. ಬಲಗಡೆ, ಯಾವಾಗಲೂ ಇರುತ್ತಿದ್ದ ಜಾಗದಲ್ಲೇ, ಬಿಳಿ ಮಾವಿನಕಾಯಿ. ಸಾಬರು ಪಾಲಿಥೀನ್ ಬಿಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಬೆಲೆ ಕೇಳಿದರು. ಎಂಟು ಸಾವಿರ ಎಂದ ಭೀಮರಾಜು.

‘ಹೋದ ತಿಂಗಳು ಸಾವಿರದ ಇನ್ನೂರು ಅಂದಿದ್ದೆಯಲ್ಲೋ.’

‘ಅದು ಬ್ಯಾರೆ, ಇದು ಬ್ಯಾರೆ. ಇದು ನಿಮ್ಮ ಮೊದ್ಲುನ್ ಪ್ಲೇಟಲ್ವರಾ?’

ಶಹನಾಯಿ ಬೇಕೆಂದು ಹೇಳಿದ್ದು ಸಾಬರಿಗೆ ನೆನಪಿತ್ತು. ಅದು ಮೊದಲ ಪ್ಲೇಟೆಂದು ಇವನ ಮುಂದೆ ಯಾವಾಗ ಹೇಳಿದೆನೋ ನೆನಪಾಗಲಿಲ್ಲ. ಜೇಬಿನಲ್ಲಿ ಆರು ಸಾವಿರವಿತ್ತು. ಉಳಿದದ್ದನ್ನು ಮುಂದಿನ ಬುಧವಾರ ಕೊಡುತ್ತೇನೆ ಎನ್ನಲು ಬಾಯಿ ತೆರೆಯುತ್ತ, ಅಭ್ಯಾಸದಂತೆ ಹೆಬ್ಬೆರಳನ್ನು ಮಾವಿನಕಾಯಿಯ ಮೇಲೆ ಒತ್ತಿ ಸವರಿದರು. ಬಣ್ಣ ಜಾರಿತು. ಮಾವಿನಕಾಯಿಯ ಬಾಲ ಒಂದು ಪಕ್ಕಕ್ಕೆ ಎಳೆದುಕೊಂಡಿತು, ಹೆಬ್ಬೆರಳು ಬೆಳ್ಳಗಾಯಿತು.

ಹೋದ ತಿಂಗಳು ಕೊಂಡ ಪ್ಲೇಟಿನ ಮೇಲೆ ಅಚ್ಚಾಗಿದ್ದ ಇಸವಿ ಅವರಿಗೆ ಆಗ ನೆನಪಾಯಿತು. ತಾವು ಗೋಣಿಚೀಲ ತೂಕಕ್ಕೆ ಹಾಕಿದ ಮೇಲಿನ ಇಸವಿ ಅದು. ಮನೆಯಲ್ಲಿ ಅದನ್ನು ನೋಡಿ, ತಮ್ಮ ನೆನಪೇ ತಪ್ಪಿರಬೇಕೆಂದು ಸುಮ್ಮನಾಗಿದ್ದರು.

‘ಇನ್ನೂ ಒಣಗೇ ಇಲ್ವಲ್ಲೋ ಭೀಮರಾಜು, ನಿನ್ನ ಮಾವಿನಕಾಯಿ’ ಎಂದರು.

‘ಮಳೆಗಾಲ ಸಾಬ್ರೆ. ತ್ಯಾವ ಹಿಡ್ದೈತೆ.’

ಸಾಬರು ಪ್ಲೇಟನ್ನು ತಕ್ಕಡಿಯ ತಟ್ಟೆಯ ಮೇಲಿಟ್ಟು ಎದ್ದರು. ಯಾವ ಪ್ಲೇಟು ಕೈಗೆ ಬಂದರೂ ಅದನ್ನು ಓರೆ ಮಾಡಿ ಬೆಳಕಿಗೆ ಹಿಡಿದು ಗೀರು ನೋಡುವುದು ಅವರ ಪದ್ಧತಿ. ಅಂದು ನೋಡಲಿಲ್ಲ. ಬೇಡವಾದರೆ ತಗೊಳ್ಳೋರು ಬೇರೆ ಇದ್ದಾರೆ ಎಂದು ಭೀಮರಾಜು ಹಿಂದಿನಿಂದ ಹೇಳಿದ್ದು ಕೇಳಿಸಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಶಿರಾದವರೆಗೂ ಹೆಬ್ಬೆರಳನ್ನು ಕರ್ಚೀಫಿನಿಂದ ಉಜ್ಜಿದರು. ಎನಾಮಲ್ ಹಾಗೆ ಹೋಗುವುದಿಲ್ಲ, ಸೀಮೆಎಣ್ಣೆ ಬೇಕು.

ಮನೆಯೊಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಪ್ಲೇಯರು. ಹೊದಿಸಿದ್ದ ಬಟ್ಟೆ ತೆಗೆದಿತ್ತು, ಧೂಳು ಒರೆಸಿತ್ತು, ವಯರು ಪ್ಲಗ್ಗಿಗೆ ಸಿಕ್ಕಿಸಿತ್ತು. ಶಾಹಜಾದಿ ಅದರ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಅವರ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಯಾರು ಬಂದರೆಂದು ಹೆಜ್ಜೆಯಿಂದಲೇ ಹೇಳುತ್ತಿದ್ದರು.

‘ತಂದ್ರಾ?’ ಎಂದರು.

‘ಏನನ್ನ?’

ಶಾಹಜಾದಿ ಪ್ಲೇಯರಿನ ಮೇಲೆ ಕೈಯಾಡಿಸಿದರು. ಸಾಬರು ಬಗ್ಗಿ ಅವರ ಬಲಗೈ ಎತ್ತಿ ನೋಡಿದರು. ತೋರುಬೆರಳಿನ ಉಗುರಿನ ಸಂದಿಯಲ್ಲಿ ಬಿಳಿ ಗೆರೆಯಿತ್ತು. ತಮ್ಮ ಹೆಬ್ಬೆರಳನ್ನು ಅದರ ಪಕ್ಕಕ್ಕೆ ತಂದು ಹಿಡಿದರು. ಎರಡೂ ಒಂದೇ ಡಬ್ಬಿಯ ಬಣ್ಣ. ಕೈ ಬಿಟ್ಟು ಗೋಡೆಗೊರಗಿ ಕೂತರು. ಸೊಸೆ ಶಾಜಿಯಾ ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು. ಚಹಾ ಆರಿತು.

ಮಗ ಉಮರ್ ಸಂಜೆ ಬಂದ. ಅವನದು ಲಗೇಜ್ ಆಟೊ. ಶಿರಾದ ಹಳೆ ಕಬ್ಬಿಣ, ರಟ್ಟು ತುಂಬಿಕೊಂಡು ವಾರಕ್ಕೆರಡು ಸಲ ಭೀಮರಾಜುವಿನ ಅಂಗಡಿಗೆ ಹಾಕಿ ಬರುತ್ತಾನೆ. ಅಪ್ಪನ ಹೆಬ್ಬೆರಳು ನೋಡಿದವನೇ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ಯೋಚನೆ ಭೀಮರಾಜುವಿನದು. ಗುರುತಿಲ್ಲದ ಪ್ಲೇಟುಗಳು ಅವನಲ್ಲಿ ಬೇಕಾದಷ್ಟಿದ್ದವು, ಗುರುತಿನವು ಮುಗಿದಿದ್ದವು. ಉಮರ್ ಅವನ್ನು ಮನೆಗೆ ತಂದು, ಅಬ್ಬಾನ ಪ್ಲೇಟುಗಳು, ಗುರುತು ಮಾಸಿದೆ, ಬರೆಯದಿದ್ದರೆ ಬೆಂಗಳೂರಿಗೆ ಹೋಗಿಬಿಡುತ್ತವೆ ಎಂದು ತಾಯಿಗೆ ಹೇಳಿದ್ದ. ಶಾಹಜಾದಿ ಹಿಂದಿನಂತೆಯೇ ತೊಡೆಯ ಮೇಲಿಟ್ಟುಕೊಂಡು ಕೈ ಅಂದಾಜಿನಲ್ಲೇ ಬರೆದಿದ್ದರು. ಬಂದ ದುಡ್ಡಿನಲ್ಲಿ ಭೀಮರಾಜು ಅರ್ಧ, ಉಮರ್ ಅರ್ಧ.

‘ಕದ್ದಿಲ್ಲ ಅಬ್ಬಾ,’ ಎಂದ ಉಮರ್. ‘ನಾನು ಬೇಡ ಅಂದ್ರೂ ನೀವು ಕೊಡೋರೇ. ಎಲ್ಲ ಆ ಗುಜರಿಯವನಿಗೇ ಹೋಗ್ತಿತ್ತು. ಅರ್ಧನಾದ್ರೂ ಮನೆಗೆ ವಾಪಸ್ ಬರ್ಲಿ ಅಂತ. ಅಮ್ಮಿ ಕಣ್ಣಿನ ಔಷಧಿ ಎಲ್ಲಿಂದ ಬಂತು ಅಂದ್ಕೊಂಡ್ರಿ? ಒಂದು ದಿನಾನಾದ್ರೂ ಕೇಳಿದ್ರಾ?’

ಸಾಬರು ಕೇಳಿರಲಿಲ್ಲ. ಗೋಡೆಯ ಪಕ್ಕ ಜೋಡಿಸಿಟ್ಟಿದ್ದ ಪ್ಲೇಟುಗಳ ಕಡೆ ನೋಡಿದರು. ಅವುಗಳಲ್ಲಿ ಯಾವುದು ತಮ್ಮದು, ಯಾವುದು ಅಲ್ಲ ಎನ್ನುವುದು ಇನ್ನು ತಿಳಿಯುವಂತಿರಲಿಲ್ಲ.

‘ನಿನಗೆ ಗೊತ್ತಿರಲಿಲ್ವಾ?’ ಎಂದು ಹೆಂಡತಿಯನ್ನು ಕೇಳಿದರು.

ಶಾಹಜಾದಿ ನಿಧಾನವಾಗಿ ಹೇಳಿದರು. ಹಳೆ ಎನಾಮಲ್ ಕಾಗದದ ಮೇಲೆ ಉಬ್ಬಿಕೊಂಡಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಉಮರ್ ತಂದ ಎಷ್ಟೋ ಪ್ಲೇಟುಗಳಲ್ಲಿ ಅದು ಸಿಕ್ಕಿರಲಿಲ್ಲ. ಅನುಮಾನ ಬಂದಿತ್ತು. ಮಗ ದುಡ್ಡು ತಂದು ಕೈಗಿಟ್ಟಾಗ ಸುಮ್ಮನಾಗಿದ್ದರು.

‘ಆದರೆ ಸೋಮವಾರ ಬಂದದ್ದರಲ್ಲಿ ಒಂದರ ಮೇಲಿತ್ತು,’ ಎಂದರು. ‘ಬಲಗಡೆ. ಬಾಲ, ಹೊಟ್ಟೆ, ಚುಕ್ಕೆ, ಎಲ್ಲ ಬೆರಳಿಗೆ ಸಿಕ್ಕಿತು. ನಾನು ಹೊಸದಾಗಿ ಏನೂ ಬರೀಲಿಲ್ಲ, ಅದರ ಮೇಲೇ ಕಡ್ಡಿ ಆಡಿಸಿದೆ. ಯಾವುದು ಅಂತ ಶಾಜಿಯಾ ಕೈಲಿ ಓದಿಸಿದೆ. ಶಹನಾಯಿ ಅಂದಳು. ಇದನ್ನ ಬೇರೆ ಯಾರಿಗೂ ಕೊಡಬೇಡ, ಇದು ಅವರ ಮೊದಲ ಪ್ಲೇಟು ಅಂತ ಹೇಳು ಭೀಮರಾಜುಗೆ ಅಂತ ಇವನಿಗೆ ಹೇಳಿ ಕಳಿಸಿದೆ. ಇಷ್ಟು ವರ್ಷ ಹುಡುಕಿದವರು ನೀವು, ನೀವೇ ತರಬೇಕು ಅಂತ ಸುಮ್ಮನಿದ್ದೆ.’

ಉಮರ್ ತಲೆ ತಗ್ಗಿಸಿದ. ಅವನು ಹಾಗೆಯೇ ಹೇಳಿದ್ದ. ಅದಕ್ಕೇ ಬೆಲೆ ಎಂಟು ಸಾವಿರವಾಗಿತ್ತು.

‘ಗೀರು ನೋಡಲಿಲ್ವಾ ನೀವು?’ ಎಂದರು ಶಾಹಜಾದಿ.

ಉಮರ್ ಆಗಲೇ ಭೀಮರಾಜುವಿಗೆ ಫೋನು ಹಚ್ಚಿದ್ದ. ಆ ಕಡೆಯಿಂದ ಭೀಮರಾಜುವಿನ ಧ್ವನಿ ಕೋಣೆಗೆಲ್ಲ ಕೇಳಿಸಿತು. ‘ಅಯ್ಯೋ, ನಿಮ್ಮಪ್ಪ ಇಂಗೆ ಕುಕ್ಕಿ ಎದ್ದೋದ್ರಲ್ಲ, ನಾನೇನು ಕಾಯ್ಕಂಡು ಕೂರ್ಲಾ? ಗೋಡೆಗೆ ಹಾಕಕ್ಕೆ ಅಂತ ಒಬ್ರು ಬಂದ್ರು, ಇದ್ದುದ್ನೆಲ್ಲ ಒಟ್ಟಿಗೆ ಕೊಟ್ಬುಟ್ಟೆ. ಒಂದೊಂದ್ಕೆ ಮುನ್ನೂರು.’ ಯಾರೆಂದರೆ, ಹೆದ್ದಾರಿಯಲ್ಲಿ ಹೊಸ ಹೋಟೆಲ್ ಕಟ್ಟಿಸುತ್ತಿರುವವರು. ಎಲ್ಲಿ ಎಂದರೆ, ಶಿರಾದಲ್ಲೇ.

ಮರುದಿನ ಬೆಳಿಗ್ಗೆ ತಂದೆ ಮಗ ಲಗೇಜ್ ಆಟೊದಲ್ಲಿ ಹೋದರು. ಹೋಟೆಲಿನಲ್ಲಿ ಇನ್ನೂ ಬಡಗಿ ಕೆಲಸ ನಡೆದಿತ್ತು, ನೆಲದ ಮೇಲೆ ಮರದ ಹೊಟ್ಟು ಬಿದ್ದಿತ್ತು. ಕ್ಯಾಷ್ ಕೌಂಟರಿನ ಹಿಂದಿನ ಗೋಡೆಗೆ ಹಳದಿ ಬಣ್ಣ ಬಳಿದು, ಅದರ ತುಂಬ ಪ್ಲೇಟುಗಳನ್ನು ರಾತ್ರಿಯೇ ಸಾಲಾಗಿ ಹೊಡೆದಿದ್ದರು. ಮಾಲೀಕ ವೃಷಭೇಂದ್ರಪ್ಪ ಸಭ್ಯ ಮನುಷ್ಯ. ಯಜಮಾನರೆಂದು ಕರೆದು ಕುರ್ಚಿ ಕೊಟ್ಟ. ಸಾಬರು ಕೂರಲಿಲ್ಲ. ಗೋಡೆಯ ಉದ್ದಕ್ಕೂ ಕಣ್ಣಾಡಿಸುತ್ತ ಹೋದರು. ಮೇಲಿನಿಂದ ಎರಡನೇ ಸಾಲಿನಲ್ಲಿ, ಕೆಂಪು ಕಾಗದದ ಬಲಗಡೆ, ಬಾಲ ಎಳೆದುಕೊಂಡ ಮಾವಿನಕಾಯಿ ಇತ್ತು. ಎಳೆದದ್ದು ಅವರದೇ ಹೆಬ್ಬೆರಳು.

ಬಡಗಿಯ ಏಣಿ ಹತ್ತಿ ಹತ್ತಿರದಿಂದ ನೋಡಿದರು. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಗೀರು ಅಲ್ಲೇ ಇತ್ತು, ಅಂಚಿನಿಂದ ಒಳಕ್ಕೆ, ಸ್ವಲ್ಪ ಬಾಗಿ. ಬೆರಳಿಟ್ಟು ತಳ್ಳುತ್ತಿದ್ದ ಜಾಗ ಅವರಿಗೆ ಹುಡುಕದೆಯೇ ಸಿಕ್ಕಿತು. ಅದರಿಂದ ಎರಡು ಬೆರಳು ಆಚೆಗೆ ಒಂದು ಸ್ಕ್ರೂ ಪ್ಲೇಟನ್ನು ತೂರಿಕೊಂಡು ಗೋಡೆಯೊಳಗೆ ಹೋಗಿತ್ತು, ಎದುರು ಬದಿಯಲ್ಲಿ ಇನ್ನೊಂದು. ಸ್ಕ್ರೂ ಕೂತ ಕಡೆಯಿಂದ ಕಾಗದದವರೆಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ವಿಷಯವೇನೆಂದು ಉಮರ್ ಹೇಳಿದಾಗ ವೃಷಭೇಂದ್ರಪ್ಪನಿಗೆ ನಿಜವಾಗಿ ಬೇಸರವಾಯಿತು. ಅಷ್ಟೇ ಅಗಲದ ಇನ್ನೊಂದು ಪ್ಲೇಟು ತಂದುಕೊಟ್ಟರೆ ಸಾಕು, ದುಡ್ಡು ಬೇಡ, ಇದನ್ನು ಈಗಲೇ ಬಿಚ್ಚಿಕೊಂಡು ಹೋಗಿ ಎಂದ.

‘ಬಿಚ್ಚಲಾ ಅಬ್ಬಾ?’ ಎಂದ ಉಮರ್. ಸ್ಕ್ರೂಡ್ರೈವರ್ ಅವನ ಕೈಯಲ್ಲಿತ್ತು.

ಸಾಬರು ಏಣಿಯಿಂದ ಇಳಿದರು. ‘ಬೇಡ,’ ಎಂದರು. ‘ಬಿಚ್ಚಿದರೆ ಎರಡು ಹೋಳಾಗುತ್ತೆ.’

ಹೊರಗೆ ಬಂದು ಆಟೊದಲ್ಲಿ ಕೂತ ಮೇಲೆ, ಜೇಬಿನಲ್ಲಿ ಹಾಗೆಯೇ ಉಳಿದಿದ್ದ ಆರು ಸಾವಿರವನ್ನು ತೆಗೆದು ಮಗನ ಕೈಗಿಟ್ಟರು. ಅಮ್ಮಿಯನ್ನು ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದರು. ಉಮರ್ ಏನೋ ಹೇಳಲು ಹೊರಟಿದ್ದ. ಅವರು ರಸ್ತೆಯ ಕಡೆ ಮುಖ ತಿರುಗಿಸಿದರು. ಮನೆಗೆ ಹೋಗಿ ಶಾಹಜಾದಿಗೆ ಗೀರು ಇತ್ತೆಂದು ಹೇಳಿದರು. ಬಿರುಕಿನ ಮಾತು ಎತ್ತಲಿಲ್ಲ.

ಮುಂದಿನ ಬುಧವಾರ ನಬೀ ಸಾಬರ ಅಂಗಡಿ ಸಂಜೆಯವರೆಗೂ ತೆರೆದಿತ್ತು.